ಉಲಿಯನ್ನು ಹುಲಿ ಮಾಡಿದವರು

ಹೋದ ತಿಂಗಳು ಅವರು ತೀರಿಕೊಂಡರು. ತಿಥಿಯೂಟದ ಎಲೆ ಒಣಗುವ ಮೊದಲೇ ನನಗೆ ಫೋನು ಬಂತು. 'ಮೇಡಂ, ಸಾರ್ ನೆನಪಿಗೆ ಒಂದು ಸಂಚಿಕೆ ತರ್ತಿದೀವಿ. ಮೃಗಾಲಯದ ಬೇಸಿಗೆ ಶಿಬಿರದಲ್ಲಿ ನೀವು ಅವರ ಜತೆ ಕೆಲಸ ಮಾಡಿದೋರು. ಮಕ್ಕಳ ಮೇಲೆ ಅವರಿಗಿದ್ದ ಪ್ರೀತಿ, ಭಾಷೆ ಬಗ್ಗೆ ಇದ್ದ ಕಾಳಜಿ, ಇದರ ಮೇಲೆ ಒಂದಿಷ್ಟು ಬರೆದುಕೊಡಿ.' ಆಗಲಿ ಎಂದುಬಿಟ್ಟೆ. ಇಲ್ಲ ಎನ್ನಬೇಕಾದ ಕಡೆ ಆಗಲಿ ಎನ್ನುವುದು, ಆಮೇಲೆ ಅದನ್ನೇ ಯೋಚಿಸುತ್ತ ಅನ್ನ ಸೀಯಿಸುವುದು ನನ್ನ ಹಳೆಯ ಚಾಳಿ.

ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕಂತೆ. ಹುಡುಕಿದೆ. ಒಂದು ಸಿಕ್ಕಿತು. ಮುಂದೆ ಜಾಗ ಸಿಗಲಾರದು, ಈಗಲೇ ಹೇಳಿಬಿಡುತ್ತೇನೆ: ಅವರು ಒಂದು ದಿನವೂ ತಡವಾಗಿ ಬಂದವರಲ್ಲ. ಬಾರದೆ ಇದ್ದರೇ ಒಳ್ಳೆಯದು ಎನಿಸುವಂಥವರು ಎಂದೂ ತಡಮಾಡುವುದಿಲ್ಲ.

ತೊಂಬತ್ತರ ದಶಕದಲ್ಲಿ, ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯ ಪಕ್ಕ ಒಂದು ಪುಟ್ಟ ಮೃಗಾಲಯವಿತ್ತು. ಈಗ ಅಲ್ಲಿ ಕಲ್ಯಾಣಮಂಟಪವಿದೆ. ಗದ್ದಲವೊಂದು ಹೆಚ್ಚಾಗಿದೆ, ಅಷ್ಟೆ. ಒಂದು ಮುದಿ ಹುಲಿ, ಒಂದು ಕರಡಿ, ಕಲ್ಲಿನಂತೆ ಬಿದ್ದಿರುತ್ತಿದ್ದ ಮೊಸಳೆಗಳು, ಯಾವುದೋ ಸರ್ಕಸ್ಸಿನವರು ಬಿಟ್ಟುಹೋದ ಒಂಟೆ, ಹೆಬ್ಬಾವು, ಉಡ, ಆಮೆ, ನವಿಲು. ಪ್ರತಿ ಬೇಸಿಗೆ ರಜೆಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳಿಗೆ ಅಲ್ಲಿ ಶಿಬಿರ ನಡೆಯುತ್ತಿತ್ತು. ನಾನು ಆಗ ಬಿಳಿಕೆರೆಯ ಶಾಲೆಯಲ್ಲಿ ಟೀಚರು, ಮನೆ ಹುಣಸೂರಿನಲ್ಲಿ. ಪ್ರಾಣಿಪ್ರೀತಿಯಿಂದ ಸ್ವಯಂಸೇವಕಿಯಾದೆ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವೇನೆಂದರೆ, ರಜೆಯಲ್ಲಿ ನಾನು ಮನೆಯಲ್ಲಿದ್ದರೆ ನನ್ನ ಚಿಂತೆಗಳೆಲ್ಲ ಗಂಡ ಒಬ್ಬರ ತಲೆಯ ಮೇಲೇ ಬೀಳುತ್ತಿದ್ದವು. ಅವರೇ ಅರ್ಜಿ ತಂದುಕೊಟ್ಟರು.

ನನ್ನ ಕೈಚೀಲದಲ್ಲಿ ಗ್ಲೂಕೋಸು, ಹತ್ತಿ, ಟಿಂಚರು, ಸೇಫ್ಟಿ ಪಿನ್ನು, ವಾಕರಿಕೆಗೆ ನಿಂಬೆಹಣ್ಣು, ಹರಿದ ಚಪ್ಪಲಿಗೆ ದಾರ ಎಲ್ಲ ಇರುತ್ತಿತ್ತು. ಯಾವುದಾದರೂ ಮಗು ಕರಡಿಯ ಕಂಬಿಯೊಳಗೆ ಕೈ ಹಾಕುತ್ತದೆ ಎಂದು ಶಿಬಿರವಿಡೀ ಕಾದೆ. ಯಾರೂ ಹಾಕಲಿಲ್ಲ. ಕರಡಿಯೇ ಒಮ್ಮೆ ಕೈ ಹೊರಹಾಕಿ ನನ್ನ ಕೊಡೆ ಎಳೆದುಕೊಂಡಿತು.

ಅವರು ಶಿಬಿರದ ನಿರ್ದೇಶಕರು. ಶಾಲಾ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ನಿವೃತ್ತಿ ಹುದ್ದೆಗೆ ಆಗಿತ್ತು, ಇನ್‌ಸ್ಪೆಕ್ಷನ್ನಿಗೆ ಆಗಿರಲಿಲ್ಲ. ಇಸ್ತ್ರಿಯ ಗೀರು ಕೆಡದ ಖಾಕಿ ಅಂಗಿ, ಚಿರತೆಯ ಚುಕ್ಕೆಗಳ ಪಟ್ಟಿ ಸುತ್ತಿದ ಟೋಪಿ, ಅತ್ತರು ಹಾಕಿದ ಕರ್ಚೀಫು. ಪ್ರಾಣಿಯ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಗೇಟಿನ ಬಳಿಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಅಲ್ಲಿಂದಲೇ ಕೈಚಾಚಿ, 'ಅದು ಕರಡಿ, ಇದು ಮೊಸಳೆ' ಎಂದು ಇಡೀ ಪ್ರಾಣಿಕುಲವನ್ನು ಪರಿಚಯಿಸುತ್ತಿದ್ದರು. ಒಮ್ಮೆ ಕರಡಿಯ ಮನೆಯ ಮುಂದೆ ಬೆನ್ನು ಮಾಡಿ ಮಲಗಿದ್ದ ನಾಯಿಯನ್ನೂ ಕರಡಿ ಎಂದೇ ಪರಿಚಯಿಸಿದರು. ನಾಯಿ ಎದ್ದು ಬಾಲ ಅಲ್ಲಾಡಿಸಿತು. 'ಸಾಕುಪ್ರಾಣಿಯಂತಾಗಿಬಿಟ್ಟಿದೆ ನೋಡಿ' ಎಂದರು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಅವರು ಶಿಬಿರಕ್ಕೆ ಬಂದದ್ದು ಪ್ರಾಣಿಗಳಿಗಾಗಿ ಅಲ್ಲ, ಹಕಾರಕ್ಕಾಗಿ.

ನಮ್ಮ ಕಡೆಯ ಬಾಯಿಗಳಲ್ಲಿ ಪದದ ಮೊದಲ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ, ಹುಲಿ ಉಲಿ. ಇದರಿಂದ ಹಾಲು ಒಡೆದದ್ದಾಗಲಿ, ಹಳ್ಳಿ ಮುಳುಗಿದ್ದಾಗಲಿ ನಾನು ಕಂಡಿಲ್ಲ. ಅವರು ಮಾತ್ರ ಇದನ್ನು ಸಾಂಕ್ರಾಮಿಕ ರೋಗದಂತೆ ನೋಡುತ್ತಿದ್ದರು. 'ಬಾಯಿ ತೆರೆದರೆ ಊರು ತಿಳಿಯಬಾರದು' ಎಂಬುದು ಅವರ ಸುಭಾಷಿತ. ಮಗು ಬಾಯಿ ತೆರೆದರೆ ಹಸಿವು ತಿಳಿಯುತ್ತದೆ, ಜ್ವರ ತಿಳಿಯುತ್ತದೆ. ಊರು ತಿಳಿದರೆ ಇವರ ಗಂಟೇನು ಹೋಗುತ್ತದೋ!

ನನ್ನ ತವರು ಸಾಲಿಗ್ರಾಮದ ಕಡೆ. ತರಗತಿಯಲ್ಲಿ ನನ್ನ ಹಕಾರ ನೆಟ್ಟಗಿರುತ್ತದೆ, ಗಾಬರಿಯಾದರೆ ಬಿದ್ದುಹೋಗುತ್ತದೆ. ಗಾಬರಿ ನನ್ನ ನಿತ್ಯಕರ್ಮ. ಶಿಬಿರದ ಮೊದಲ ದಿನವೇ ಒಬ್ಬ ಪೋರ ಮೊಸಳೆಯ ಹೊಂಡದ ಗೋಡೆಗೆ ಕಾಲು ಕೊಟ್ಟ.

'ಲೇ, ಅತ್ಬ್ಯಾಡ ಕಣೋ!' ಎಂದು ಕಿರುಚಿದೆ.

ಬೇವಿನ ಮರದ ಕಡೆಯಿಂದ ಸಾವಧಾನದ ದನಿ ಬಂತು. 'ಹತ್ತಬೇಡ ಅನ್ನಿ ಮೇಡಂ. ನೀವು ಅನ್ನೋ ಥರ ಅಂದರೆ ಅಳಬೇಡ ಅಂತ ಮಗು ತಿಳ್ಕೊಳ್ಳುತ್ತೆ.'

ಮಗು ಗೋಡೆಯ ಮೇಲಿತ್ತು. ಮೊಸಳೆ ಕೆಳಗಿತ್ತು. ವ್ಯಾಕರಣ ಕುರ್ಚಿಯಲ್ಲಿತ್ತು.

ಮರುದಿನ ಅವರು ಒಂದು ನವಿಲುಗರಿ ಆರಿಸಿಕೊಂಡು ಬಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತುಟಿಯ ಮುಂದೆ ಅದನ್ನು ಹಿಡಿದು, 'ಹುಲಿ ಅನ್ನು' ಎನ್ನುವರು. ಗರಿಯ ಎಳೆ ಅಲುಗಿದರೆ ಹಕಾರ ಇದೆ, ಅಲುಗದಿದ್ದರೆ ಇಲ್ಲ. ಮೇ ತಿಂಗಳ ಗಾಳಿ ಬೀಸಿದಾಗ ಬಾಯಿ ಮುಚ್ಚಿ ನಿಂತ ಮಕ್ಕಳೂ ಪಾಸಾದರು. ನೆಗಡಿಯಾಗಿದ್ದ ಹುಡುಗನೊಬ್ಬ ಅತ್ಯುತ್ತಮ ದರ್ಜೆ ಪಡೆದ. ಹೀಗೆ ಎರಡು ಸಾಲುಗಳಾದವು: ಹ ಸಾಲು ಮತ್ತು ಅ ಸಾಲು. ಶಿಬಿರದ ಕೊನೆಯ ದಿನ ಮನೆಯವರೆಲ್ಲ ಬರುತ್ತಾರೆ. ಒಂದೊಂದು ಮಗುವೂ ಒಂದೊಂದು ಪ್ರಾಣಿಯ ಮುಂದೆ ನಿಂತು ಅದರ ಪರಿಚಯ ಮಾಡಿಕೊಡಬೇಕು. ಹುಲಿ, ಹೆಬ್ಬಾವು, ಹದ್ದುಗಳೆಲ್ಲ ಹ ಸಾಲಿಗೆ. ಅ ಸಾಲಿಗೆ ಕರಡಿ, ಮೊಸಳೆ, ನರಿ, ಗೂಬೆ, ಅಂದರೆ ಹಕಾರದ ಅಪಾಯವಿಲ್ಲದ ಪ್ರಾಣಿಗಳು. ಹ ಸಾಲಿನಲ್ಲಿ ಡಾಕ್ಟರ ಮಗ, ಎಂಜಿನಿಯರರ ಮಗಳು, ಹೋಬಳಿ ಸಾಹೇಬರ ಅವಳಿಗಳು. ಅ ಸಾಲಿನಲ್ಲಿ ಉಳಿದ ಲೋಕ. ಮಕ್ಕಳ ಜಾತಿ ಕೇಳಬಾರದು ಎಂಬುದು ಸರ್ಕಾರಿ ನೌಕರಿ ಮಾಡಿದವರಿಗೆ ಗೊತ್ತಿರುತ್ತದೆ. ಹಕಾರ ಕೇಳಬಾರದೆಂದು ಯಾವ ಕಾನೂನೂ ಇಲ್ಲ.

ಹ ಸಾಲಿಗೆ ಬೈಲಕುಪ್ಪೆಯ ಟಿಬೆಟನ್ ಹುಡುಗನೂ ಸೇರಿದ. ಅವನ 'ಹುಲಿ'ಗೆ ಗರಿ ಬಾಗಿಯೇಬಿಟ್ಟಿತು. 'ನೋಡಿ, ಹಿಮಾಲಯದ ಆಚೆಯ ಮಗು! ನಿಮಗೆಲ್ಲ ನಾಚಿಕೆಯಾಗಬೇಕು' ಎಂದು ಅ ಸಾಲಿಗೆ ಉಪನ್ಯಾಸವಾಯಿತು. ಊಟದ ಬಿಡುವಿನಲ್ಲಿ ಅದೇ ಹುಡುಗ ಗೆಳೆಯನ ಹೆಗಲಿಗೆ ಕೈ ಹಾಕಿ, 'ಬಾರ್ಲಾ, ಉಲಿಗೆ ಮಾಂಸ ಆಕ್ತಾವ್ರೆ, ನೋಡ್ಕಬರಣ' ಎನ್ನುತ್ತ ಓಡಿದ.

ಸಂಜೆ ಅವರು ನಮ್ಮ ಜತೆ ಬಸ್ಸಿಗೆ ನಿಲ್ಲುವರು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ 'ಉಣ್ಸೂರ್, ಉಣ್ಸೂರ್, ಉಣ್ಸೂರ್' ಎಂದು ಕೂಗಿದರೆ ಇವರು ಮೆಟ್ಟಿಲ ಮೇಲೆ ಕಾಲಿಟ್ಟು ನಿಂತುಬಿಡುವರು. 'ಹುಣಸೂರು. ಹಕಾರ ಎಲ್ಲಯ್ಯ?'

'ಟಾಪ್ ಮೇಲೈತೆ ಸಾ, ಲಗೇಜ್ ಜೊತೆ. ಬಿರ್‍ರನೆ ಅತ್ತಿ.'

ಈ ವಿದ್ಯೆ ಒಂದು ವಾರದೊಳಗೆ ಫಲ ಕೊಟ್ಟಿತು. ಹಕಾರ ಎಲ್ಲಿ ಬೇಕು ಎಂದು ಗೊತ್ತಾಗದ ಮಕ್ಕಳು, ಇರಲಿ ಎಂದು ಎಲ್ಲ ಕಡೆ ಹಾಕತೊಡಗಿದರು. ಇಲಿ ಹಿಲಿಯಾಯಿತು. ಉಡ ಹುಡವಾಯಿತು. ಒಬ್ಬ ಹುಡುಗ ಒಂಟೆಯ ಮುಂದೆ ನಿಂತು, 'ಇದು ಹೊಂಟೆ' ಎಂದ. ಪಕ್ಕದವನು, 'ಎಲ್ಲಿಗ್ಲಾ ಹೊಂಟೆ?' ಎಂದು ಕೇಳಿದ. ಅ ಸಾಲು ಬಿದ್ದು ಬಿದ್ದು ನಕ್ಕಿತು. ಅವರು ನಗಲಿಲ್ಲ. ಹುಡುಗನನ್ನು ಒಂಟೆಯಿಂದ ತೆಗೆದು ಕುಡಿಯುವ ನೀರಿನ ಡ್ರಮ್ಮಿನ ಬಳಿ ನಿಲ್ಲಿಸಿದರು.

ಭಾಗ್ಯ ಎಂಬ ಹುಡುಗಿ ಬಂದದ್ದು ಎಚ್.ಡಿ. ಕೋಟೆಯಾಚೆ ಕಾಡಂಚಿನ ಒಂದು ಹಳ್ಳಿಯಿಂದ. ಶಿಬಿರಕ್ಕೆಂದು ಹುಣಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದಿದ್ದಳು. ಮೊದಲ ದಿನ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಮೊಸಳೆಗೆ ಹಲ್ಲುಜ್ಜುವವರು ಯಾರು, ಗೂಬೆಗೆ ಕತ್ತು ನೋಯುವುದಿಲ್ಲವೆ, ನಿಮ್ಮ ಚೀಲದಲ್ಲಿ ಇನ್ನೂ ಏನೇನಿದೆ. ಪ್ರಾಣಿ ಹಂಚುವ ಮಾತು ಬಂದಾಗ ಕೈಯೆತ್ತಿ, 'ನಂಗೆ ಉಲಿ ಸಾ' ಎಂದಳು. ಗರಿ ಅಲುಗಲಿಲ್ಲ.

ಆಮೇಲೆ ನಾನು ಕೇಳಿದೆ. 'ಹುಲಿಯೇ ಯಾಕೆ ಬೇಕು ನಿಂಗೆ?'

'ಅಜ್ಜಿಗೆ ತೋರುಸ್ಬೇಕು ಮಿಸ್. ಅಜ್ಜಿ ಒಂದ್ಸಲವೂ ನೋಡಿಲ್ಲ. ಎಜ್ಜೆ ನೋಡೈತೆ, ಕೂಗು ಕೇಳೈತೆ. ನಮ್ ಕರ ತಿಂದಾಗ ಬರೀ ಮೂಳೆ ನೋಡ್ತು. ನಾನೇ ಮುಂದ್ ನಿಂತ್ಕಂಡು ತೋರುಸ್ತೀನಿ, ಬಾ ಅಂತ ಯೋಳ್ಬುಟ್ಟಿವ್ನಿ.'

ಕೊನೆಯ ದಿನಕ್ಕೆ ಅಜ್ಜಿ ಕೋಟೆಯ ಬಸ್ಸು ಹಿಡಿದು ಬರುತ್ತಾಳೆ, ಮೊಮ್ಮಗಳು ಹುಲಿಯ ಮುಂದೆ ಇರುವುದಿಲ್ಲ. ಚಿಂತೆಗೆ ನನಗೆ ಇಷ್ಟು ಸಾಕಾಗಿತ್ತು. ಬೇವಿನ ಮರದ ಬಳಿ ಹೋಗಿ ಕೇಳಿದೆ. 'ಸಾರ್, ಆ ಮಗೂಗೆ ಹುಲಿ ಕೊಡಿ. ಒಂದು ಅಕ್ಷರ ತಾನೆ.'

ಅವರು ಕರ್ಚೀಫು ಮೂಗಿನಿಂದ ಇಳಿಸಿದರು. 'ಮೇಡಂ, ಮುಖ್ಯ ಅತಿಥಿಗಳ ಮುಂದೆ ಆ ಹುಡುಗಿ ಉಲಿ ಅಂದರೆ ಜನ ನಗೋದು ಅವಳನ್ನ ನೋಡಿ ಅಲ್ಲ. ನನ್ನನ್ನ ನೋಡಿ.'

ಅವರನ್ನು ನೋಡಿ ನಗಲು ಜನ ಅಷ್ಟು ದಿನ ಕಾಯಬೇಕಾಗಿರಲಿಲ್ಲ. ಆದರೆ ನಾನು ಇದನ್ನು ಹೇಳಲಿಲ್ಲ. 'ಹೌದು ಸಾರ್' ಎಂದೆ, ಅದೂ ಹಕಾರ ಒತ್ತಿ.

ಭಾಗ್ಯ ಬಿಡಲಿಲ್ಲ. ಅಂಗೈಯನ್ನು ತುಟಿಯ ಮುಂದೆ ಹಿಡಿದುಕೊಂಡು ಉಸಿರು ತಾಗುತ್ತದೋ ಇಲ್ಲವೋ ನೋಡುತ್ತ ಅಭ್ಯಾಸ ಮಾಡಿದಳು. ಬಸ್ಸಿನಲ್ಲಿ, ನಲ್ಲಿಯ ಹತ್ತಿರ, ಊಟದ ಸಾಲಿನಲ್ಲಿ ಅದೇ. ಎಷ್ಟೆಂದರೆ, ಏನು ಮಾತಾಡುವುದಿದ್ದರೂ ಮೊದಲು ಕೈ ಬಾಯಿಯ ಮುಂದೆ ಬರುತ್ತಿತ್ತು. 'ನೀರು ಬೇಕಾ?' ಎಂದರೆ ಕೈ ಎತ್ತಿ, ಒಂದು ಗಳಿಗೆ ಯೋಚಿಸಿ, 'ಬೇಕು' ಎನ್ನುವಳು. ಪ್ರಶ್ನೆಗಳು ನಿಂತುಹೋದವು. ಗೂಬೆಯ ಕತ್ತಿನ ಚಿಂತೆ ಅವಳಿಗೆ ಉಳಿಯಲಿಲ್ಲ. ಅವರು ಇದನ್ನು ನೋಡಿ ನನ್ನ ಕಡೆ ಹೆಮ್ಮೆಯಿಂದ ತಿರುಗಿದರು. 'ಗಮನಿಸಿದಿರಾ? ಮಾತಿಗೆ ಮುಂಚೆ ಯೋಚನೆ. ಇದೇ ಸಂಸ್ಕಾರ.'

ಮುಕ್ತಾಯಕ್ಕೆ ಮುಂಚಿನ ದಿನ ಮತ್ತೆ ಪರೀಕ್ಷೆ ಮಾಡಿದರು. ಭಾಗ್ಯ ಎದೆಯುಬ್ಬಿಸಿ 'ಹುಲಿ' ಎಂದಳು. ಗರಿ ಚೆನ್ನಾಗಿಯೇ ಅಲುಗಿತು. ನಾವು ಚಪ್ಪಾಳೆ ತಟ್ಟಿದೆವು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಬೆರಳೆತ್ತಿ, 'ಈಗ ವಾಕ್ಯ. ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲ' ಎಂದರು. ಮಗು ಒಂದೇ ಉಸಿರಿನಲ್ಲಿ ಹೊರಟಿತು: 'ಹುಲಿ ಅಸಿದ್ರೂ ಉಲ್ಲು...' ಅರ್ಧಕ್ಕೇ ಕೈ ಬಾಯಿಗೆ ಹೋಯಿತು.

'ಆಮೆ ನೋಡ್ಕೋ' ಎಂದರು. ಹುಲಿ ಡಾಕ್ಟರ ಮಗನಿಗೆ ಹೋಯಿತು.

ಕೊನೆಯ ದಿನ ಶಾಮಿಯಾನ, ಮೈಕು, ಶರಬತ್ತು. ಮುಖ್ಯ ಅತಿಥಿಗಳಾಗಿ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ಮನೆಯವರೆಲ್ಲ ಗೂಡಿನಿಂದ ಗೂಡಿಗೆ ನಡೆಯುತ್ತಿದ್ದರು. ಭಾಗ್ಯಳ ಅಜ್ಜಿ ಕಡಲೆಕಾಯಿಯ ಗಂಟು ಹಿಡಿದು ಬಂದಳು. ತೆಳ್ಳನೆ ಮುದುಕಿ, ಬಿಸಿಲಿಗೆ ಸೆರಗು ಹೊದ್ದಿದ್ದಳು. ಭಾಗ್ಯ ಆಮೆಯ ತೊಟ್ಟಿಯ ಬಳಿ ಒಬ್ಬಳೇ ನಿಂತಿದ್ದವಳು ಅಜ್ಜಿಯನ್ನು ಕಂಡದ್ದೇ ತೊಟ್ಟಿ ಬಿಟ್ಟು ಓಡಿಬಂದು, ಅವಳ ಕೈ ಹಿಡಿದು, ನೆಟ್ಟಗೆ ಹುಲಿಯ ಮನೆಯ ಕಡೆ ಎಳೆದುಕೊಂಡು ಹೋದಳು. ನಾನು ತಡೆಯಲಿಲ್ಲ; ಚೀಲ ಹಿಡಿದುಕೊಂಡು ಹಿಂದೆ ಹೋದೆ.

ಅಲ್ಲಿ ಡಾಕ್ಟರ ಮಗ ನಿಂತು, 'ಹುಲಿಯು ಒಂದು ಹಿಂಸ್ರಪ್ರಾಣಿ' ಎಂದು ಮೂರನೆಯ ಸಲ ಒಪ್ಪಿಸುತ್ತಿದ್ದ. ಹುಲಿ ಅವನಿಗೆ ಬೆನ್ನು ಮಾಡಿ ಮೂಲೆಯಲ್ಲಿ ಮಲಗಿತ್ತು. ಅಜ್ಜಿ ಚಪ್ಪಲಿ ಕಳಚಿದಳು. ಕಡಲೆಕಾಯಿಯ ಗಂಟನ್ನು ನನ್ನ ಕೈಗೆ ಕೊಟ್ಟು ಕೈಮುಗಿದು ನಿಂತಳು.

ಭಾಗ್ಯ ಮೆಲ್ಲಗೆ, 'ನೋಡು ಅಜ್ಜಿ, ಅಲ್ಲಿ ಮೂಲೇಲಿ. ಅದೇಯ ದೊಡ್ದು' ಎಂದಳು. ಅವರ ಊರಿನಲ್ಲಿ ಅದರ ಹೆಸರೆತ್ತುವುದಿಲ್ಲ, ದೊಡ್ಡದು ಎನ್ನುತ್ತಾರೆ. ನನಗೆ ಇದು ಆಗ ತಿಳಿಯಿತು. ಹಾಗಿದ್ದೂ ಆ ಮಗು ಆ ಹೆಸರನ್ನೇ ಅಷ್ಟು ದಿನ ಅಂಗೈಗೆ ಊದಿಕೊಂಡು ಕಲಿತಿತ್ತು.

ಅವರಿಗೆ ಬೇವಿನ ಮರದಿಂದಲೇ ಎಲ್ಲ ಕಂಡಿತು. ಅ ಸಾಲಿನ ಹುಡುಗಿ ಹ ಪ್ರಾಣಿಯ ಮುಂದೆ! ಅತಿಥಿಗಳು ಇತ್ತಲೇ ಬರುತ್ತಿದ್ದಾರೆ! ಶಿಬಿರದುದ್ದಕ್ಕೂ ಒಂದು ಗೂಡಿನ ಹತ್ತಿರವೂ ಸುಳಿಯದವರು, ಟೋಪಿ ಹಿಡಿದುಕೊಂಡು, ಗರಿ ಬೀಸಿಕೊಂಡು, ಹುಲಿಯ ಕಂಬಿಯವರೆಗೆ ಓಡಿಬಂದರು.

'ದೊಡ್ದು ಅಂತೆ ದೊಡ್ದು! ಹೆಸರಿಲ್ವಾ ಅದಕ್ಕೆ? ಹುಲಿ ಅನ್ನು, ಹುಲಿ!'

ಅಜ್ಜಿ ಗಾಬರಿಯಿಂದ ತಿರುಗಿದಳು. 'ಸುಮ್ಕಿರಪ್ಪ, ಅದ್ರ ಮುಂದ್ಲೇ ನಿಂತ್ಕಂಡು ಯೆಸ್ರಿಡ್ದು ಕೂಗ್ಬಾರ್ದು. ಕೂಗುದ್ರೆ ಎದ್ಬತ್ತದೆ.'

'ಮೂಢನಂಬಿಕೆ' ಎಂದರು. ಅತಿಥಿಗಳಿಗೂ ಕೇಳುವಂತೆ, ಗರಿಯ ಎಳೆಯೆಲ್ಲ ಎದ್ದು ನಿಲ್ಲುವಂತೆ, ಜೀವಮಾನದ ಹಕಾರವನ್ನೆಲ್ಲ ಒಟ್ಟುಗೂಡಿಸಿ ಕೂಗಿದರು: 'ಹುಲಿ!'

ಹುಲಿ ಎದ್ದು ಬಂತು. ಮುದಿ ಪ್ರಾಣಿ, ಅವಸರವೇನೂ ಇರಲಿಲ್ಲ. ಕಂಬಿಯ ತನಕ ನಡೆದು, ಅವರನ್ನೊಮ್ಮೆ ನೋಡಿ, ತಿರುಗಿ ನಿಂತು, ಬಾಲ ಎತ್ತಿತು. ಹುಲಿ ತಿರುಗಿ ಬಾಲ ಎತ್ತಿದರೆ ಪಕ್ಕಕ್ಕೆ ಸರಿಯಬೇಕು ಎಂದು ಮೃಗಾಲಯದ ಕಾವಲಿನವರು ನಮಗೆಲ್ಲ ಮೊದಲ ದಿನವೇ ಹೇಳಿಕೊಟ್ಟಿದ್ದರು. ಮಕ್ಕಳು ಸರಿದರು. ನಾನು ಅಜ್ಜಿಯನ್ನು ಎಳೆದುಕೊಂಡೆ. ಅವರು ಮಾತ್ರ ಆ ಪಾಠಕ್ಕೆ ಹತ್ತಿರ ಬಂದವರಲ್ಲ. ಪಿಚಕಾರಿ ಟೋಪಿಯಿಂದ ಬೆಲ್ಟಿನವರೆಗೆ ಎಲ್ಲೂ ಬಿಡದೆ ಹೊಡೆಯಿತು.

'ಅಯ್ಯಯ್ಯೋ! ಎಲ್ಲಾ ಆಳಾಗೋಯ್ತಲ್ರಲಾ! ಅಲ್ಕಟ್ ಉಲಿ! ನೀರ್ ಉಯ್ರಲಾ, ನೀರ್ ಉಯ್ರಿ!'

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೂ ಹಕಾರವಿರಲಿಲ್ಲ. ಗರಿ ಅವರ ಕೈಯಲ್ಲೇ ಇತ್ತು, ಒದ್ದೆಯಾಗಿ ಜೋತುಬಿದ್ದಿತ್ತು.

ಅಜ್ಜಿಯ ಮುಖ ಮಾತ್ರ ಅರಳಿತು. ಪರವೂರಿನಲ್ಲಿ ನೆಂಟರು ಸಿಕ್ಕಂತೆ ಸೆರಗಿನ ತುದಿಯನ್ನು ಅವರ ಮುಖ ಒರೆಸಲು ಚಾಚಿದಳು. 'ಓ, ನಮ್ ಕಡೇರೇ ಕಣ್ ಬುಡು! ಯಾವೂರಪ್ಪ ನಿಮ್ದು?'

ಅವರು ಮುದುಕಿಯ ಕೈ ತಳ್ಳಿ ನಲ್ಲಿಯ ಕಡೆ ಹೊರಟುಹೋದರು. ಪಾಪ, ಎಷ್ಟು ಹೆದರಿ ಎಷ್ಟು ವರ್ಷ ಊರು ಬಚ್ಚಿಟ್ಟುಕೊಂಡಿದ್ದರೋ ಎಂದು ನನ್ನ ಗಂಡ ಆಗ ಅಂದರು, ಈಗಲೂ ಅನ್ನುತ್ತಾರೆ. ನನಗೆ ಪಾಪ ಎನಿಸಲಿಲ್ಲ. ತನ್ನ ಊರನ್ನು ತನ್ನ ಬಾಯಿಯಿಂದ ಒರೆಸಿಕೊಳ್ಳುವುದು ಅವರವರ ಇಷ್ಟ. ಕಂಡವರ ಮಕ್ಕಳ ಬಾಯಿ ಒರೆಸಲು ಬಂದರೆ ನನ್ನಲ್ಲಿ ಕನಿಕರ ಹುಟ್ಟುವುದಿಲ್ಲ. ಎಲ್ಲಕ್ಕೂ ಕಳವಳಪಡುವ ನಾನು ಅದೊಂದಕ್ಕೆ ಈವರೆಗೆ ಕಳವಳಪಟ್ಟಿಲ್ಲ.

ಅಜ್ಜಿ ಮತ್ತೆ ಹುಲಿಯ ಕಡೆ ತಿರುಗಿದಳು. ಅದು ಮೂಲೆಗೆ ಹೋಗಿ ಮೊದಲಿನಂತೆ ಮಲಗಿತ್ತು. ತುಂಬ ಹೊತ್ತು ನೋಡಿ, 'ಇದ್ಕಾ ಕೂಸೇ ನಾವು ಒತ್ತು ಮುಳುಗೋಕ್ ಮುಂಚೆ ಬಾಗ್ಲಾಕ್ಕಳದು?' ಎಂದಳು.

'ಊಂ ಅಜ್ಜಿ.'

'ಇಲ್ಲಿ ಅದ್ಕೇ ಬಾಗ್ಲಾಕವ್ರಲ್ಲ, ಅಯ್ಯೋ.' ಚಪ್ಪಲಿ ಮೆಟ್ಟಿಕೊಂಡಳು. 'ಆಯ್ತು ಬುಡು, ತೋರುಸ್ದಲ್ಲ. ನಿಂಗ್ ಕೊಟ್ಟಿರದು ಯಾವ್ದು? ಬಾ, ಅದ್ನೂ ನೋಡನ.'

ಭಾಗ್ಯ ಉತ್ಸಾಹದಿಂದ ತೊಟ್ಟಿಯ ಕಡೆ ಹೆಜ್ಜೆ ಹಾಕಿದಳು. ಸುತ್ತ ಗರಿ ಹಿಡಿದವರು ಯಾರೂ ಇರಲಿಲ್ಲ. ಆದರೂ ಕೈ ತಾನಾಗಿ ಬಾಯಿಯ ಮುಂದೆ ಬಂತು, ಅಂಗೈಗೆ ಉಸಿರು ತಾಗುವಂತೆ ಒತ್ತಿ ಹೇಳಿದಳು:

'ನಂದು ಹಾಮೆ, ಅಜ್ಜಿ.'

ಅಜ್ಜಿ ನಿಂತಳು. ಮೊಮ್ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿದಳು.

'ಅದ್ಯಾವ್ದವ್ವ ಅದು? ನಮ್ ಕಾಡಲ್ಲಿ ಅಂತದ್ದೊಂದಿಲ್ವಲ್ಲ.'